ವಾಕ್ಯದ ಮುಂದಿನ ಚುಕ್ಕಿ

ಬೋರ್ಡಿನ ಮೇಲೆ ಆ ಚುಕ್ಕಿ ಹಾಕಿದವರು ಪ್ರೊಫೆಸರ್. ಹಾಕಿಸಿದವಳು ನಾನು. ವರ್ಷಗಳು ಕಳೆದಿವೆ, ಈಗಲೂ ಯಾರಾದರೂ "ಕನ್ನಡದಲ್ಲಿ ಹಾಗೆ ಹೇಳಲ್ಲ" ಅಂದರೆ ಸಾಕು, ಆ ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಮೈಸೂರಿನಲ್ಲಿ ಭಾಷಾವಿಜ್ಞಾನದ ಎಂ.ಎ. ಮುಗಿಸಿ, ಕರ್ನಾಟಕದ ಹೊರಗಿನ ಒಂದು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ.ಗೆ ಸೇರಿದ ಮೊದಲ ಸೆಮಿಸ್ಟರು ಅದು. ವಾಕ್ಯರಚನೆಯ ಸೆಮಿನಾರು. ಉದ್ದನೆಯ ಮೇಜಿನ ಸುತ್ತ ಎಂಟು ಜನ ಕೂತಿದ್ದೆವು: ಬಂಗಾಳಿ, ಮಲಯಾಳಂ, ಮಣಿಪುರಿ, ಒಡಿಯಾ ಹೀಗೆ ಒಬ್ಬೊಬ್ಬರದು ಒಂದೊಂದು ಭಾಷೆ. ಕನ್ನಡದವಳು ನಾನೊಬ್ಬಳೇ. ಅವತ್ತಿನ ವಿಷಯ ಕ್ರಿಯಾಪದವೇ ಇಲ್ಲದ ವಾಕ್ಯಗಳು. "ಇದು ನಮ್ಮ ಮನೆ", "ಅವರು ನಮ್ಮ ಮೇಷ್ಟ್ರು" ಎಂದು ನಾವು ನಿತ್ಯ ಹೇಳುವ ಮಾತು. ಇಂಗ್ಲಿಷಿನವರಿಗೆ ಇಲ್ಲಿ 'ಈಸ್' ಬೇಕು, ಹಿಂದಿಯವರಿಗೆ 'ಹೈ' ಬೇಕು, ಕನ್ನಡಕ್ಕೆ ಏನೂ ಬೇಡ. ಎರಡು ನಾಮಪದ ಪಕ್ಕದಲ್ಲಿ ಕೂತರೆ ವಾಕ್ಯ ಮುಗಿಯಿತು. ಪ್ರೊಫೆಸರ್ ಮೊದಲು "ಇದು ನಮ್ಮ ಮನೆ" ಎಂದು ಬರೆದರು. ಅದರ ಕೆಳಗೆ "ಇದು ನಮ್ಮ ಮನೆ ಇದೆ" ಎಂದು ಬರೆದು ನನ್ನ ಕಡೆ ತಿರುಗಿದರು. ಹೀಗೆ ಹೇಳುವುದುಂಟೇ ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ, ಇಲ್ಲ ಸರ್, ಯಾರೂ ಹೇಳುವುದಿಲ್ಲ ಅಂದೆ. ಅವರು ಆ ಎರಡನೆಯ ವಾಕ್ಯದ ಎಡಗಡೆ ಒಂದು ಚುಕ್ಕಿ ಇಟ್ಟು ಮುಂದಕ್ಕೆ ಹೋದರು.

ಚುಕ್ಕಿ ಅಂದರೆ ಬಿಂದುವಲ್ಲ, ನಕ್ಷತ್ರದ ಗುರುತು. ನಮ್ಮ ಕಡೆ ಆಕಾಶದ ನಕ್ಷತ್ರಕ್ಕೂ ಚುಕ್ಕಿ ಎಂದೇ ಅನ್ನುವುದರಿಂದ ನನ್ನ ಬಾಯಿಗೆ ಆ ಹೆಸರೇ ಬರುತ್ತದೆ. ವಾಕ್ಯರಚನೆಯ ಪಾಠದಲ್ಲಿ ಒಂದು ವಾಕ್ಯದ ಮುಂದೆ ಈ ಗುರುತು ಬಿತ್ತೆಂದರೆ ಅದು ಆ ಭಾಷೆಯ ವಾಕ್ಯವೇ ಅಲ್ಲ ಎಂದರ್ಥ. ಮಾತೃಭಾಷಿಕರ ಕಿವಿ ಅದನ್ನು ಒಪ್ಪುವುದಿಲ್ಲ ಎಂದರ್ಥ. ಅವತ್ತು ಆ ಕಿವಿ ನನ್ನದಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಕಾಗವಾಡದ ಕಡೆಯ ಒಂದು ಹಳ್ಳಿಯಲ್ಲಿ, ಮಿರಜಿನ ಸಂತೆಗೆ ಹೋಗಿ ಸಂಜೆಯೊಳಗೆ ತಿರುಗಿ ಬರುವಷ್ಟು ಹತ್ತಿರ. ನನ್ನನ್ನು ಎತ್ತಿ ಆಡಿಸಿದ ದೊಡ್ಡವ್ವ, ನಮ್ಮ ದೊಡ್ಡಪ್ಪನ ಹೆಂಡತಿ, ದಿನಕ್ಕೆ ಹತ್ತು ಸಲ ಹೇಳುವ ವಾಕ್ಯ ಅದು. "ಇದ ನಮ್ಮ ಮನಿ ಐತಿ." "ಅವ ನಮ್ಮ ತಮ್ಮ ಅದಾನ." ಬೋರ್ಡಿನ ಮೇಲೆ ಅದು 'ಇದೆ' ಎಂಬ ವೇಷದಲ್ಲಿ ಬಂದಾಗ ನನಗೆ ಗುರುತು ಸಿಗಲಿಲ್ಲ.

ಕನ್ನಡಿ ಹಿಡಿದು ಕೂತ ತರಗತಿ

ಇದು ಯಾಕೆ ಇಷ್ಟು ಚುಚ್ಚುತ್ತದೆ ಎಂದು ಹೇಳಬೇಕಾದರೆ ಎಂ.ಎ.ಯ ಮೊದಲ ತಿಂಗಳಿಗೆ ಹೋಗಬೇಕು. ಹಳ್ಳಿಯಿಂದ ಮೈಸೂರಿಗೆ ಬಂದ ಹೊಸತರಲ್ಲಿ ನಾನು ಹಾಸ್ಟೆಲಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದೆ. ಬಾಯಿ ಬಿಟ್ಟರೆ "ನಮ್ಮನಿ", "ಹಂಗ", "ಯಾಕ" ಉದುರುತ್ತಿದ್ದವು. ಅದಕ್ಕೂ ಮುಂಚೆ, ಹೈಸ್ಕೂಲಿನಲ್ಲಿ, ಪ್ರಬಂಧದ ನೋಟ್‌ಬುಕ್ಕಿನಲ್ಲಿ 'ಮನಿ' ಎಂದು ಬರೆದಲ್ಲೆಲ್ಲ ಕೆಂಪು ಶಾಯಿಯ ಸುತ್ತು ಬಿದ್ದದ್ದನ್ನು ನೋಡಿಯೇ ಬೆಳೆದಿದ್ದೆ. ಮನೆಯಲ್ಲಿ ಆಡುವುದು ಕನ್ನಡ ಕೆಟ್ಟ ಮೇಲೆ ಉಳಿದ ಚೂರು, ನಿಜವಾದ ಕನ್ನಡ ಪುಸ್ತಕದಲ್ಲಿದೆ ಎಂದು ನಂಬಿಕೊಂಡಿದ್ದೆ. ಯಾರೂ ಕೂಡಿಸಿಕೊಂಡು ಹೇಳಿಕೊಟ್ಟ ಪಾಠವಲ್ಲ ಅದು. ತಾನಾಗಿ ಒಳಗಿಳಿದದ್ದು.

ಧ್ವನಿವಿಜ್ಞಾನದ ಮೊದಲ ಕ್ಲಾಸಿಗೆ ಮೇಡಂ ಎಲ್ಲರೂ ಒಂದೊಂದು ಸಣ್ಣ ಕನ್ನಡಿ ತರಬೇಕು ಎಂದಿದ್ದರು. ಕನ್ನಡಿ ಹಿಡಿದು ನಾಲಗೆ ನೋಡಿಕೊಂಡೆವು. 'ತ' ಅಂದಾಗ ನಾಲಗೆ ಹಲ್ಲಿಗೆ, 'ಟ' ಅಂದಾಗ ತುದಿ ಹಿಂದಕ್ಕೆ ಮಡಿಚಿ ಅಂಗುಳಕ್ಕೆ. 'ಮ' ಅನ್ನುತ್ತಾ ಮೂಗಿನ ಕೆಳಗೆ ಕನ್ನಡಿ ಹಿಡಿದರೆ ಮಂಜು ಕಟ್ಟುತ್ತದೆ, 'ಬ' ಅಂದರೆ ಕಟ್ಟುವುದಿಲ್ಲ. ಅಂಗೈಯನ್ನು ತುಟಿಯ ಮುಂದೆ ಹಿಡಿದು ಒಬ್ಬೊಬ್ಬರೂ 'ಖರೆ' ಎನ್ನಬೇಕು. ಮೈಸೂರು, ಮಂಡ್ಯದ ಗೆಳತಿಯರಿಗೆ ಅಂಗೈಗೆ ಗಾಳಿ ತಾಗಲೇ ಇಲ್ಲ. ನನಗೆ ತಾಗಿತು. ಮೇಡಂ ನನ್ನನ್ನು ಮುಂದೆ ಕರೆದು ಮತ್ತೆ ಹೇಳಿಸಿದರು. ಖರೆ, ಖೊಬ್ಬರಿ. ಪುಸ್ತಕದಲ್ಲಿ 'ಕೊಬ್ಬರಿ' ಎಂದಿರುವ ಕಡೆ ನಮ್ಮವರ ಬಾಯಲ್ಲಿ ಮಹಾಪ್ರಾಣ ಕೇಳುತ್ತದಲ್ಲ, ಅದು ನೆರೆಯ ಮರಾಠಿಯ ಜೊತೆ ನೂರಾರು ವರ್ಷ ಕೂಡಿ ಬಾಳಿದ ಗುರುತು ಅಂದರು. 'ತಪ್ಪು' ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಆಮೇಲೆ ಬೋರ್ಡಿನ ಮೇಲೆ ಒಂದು ಕಡೆ ಮನೆ, ಮಳೆ, ಕುದುರೆ ಎಂದು ಬರೆದು, ನನ್ನನ್ನು ಕೇಳಿ ಎದುರಿಗೆ ಮನಿ, ಮಳಿ, ಕುದುರಿ ಎಂದು ಬರೆದರು. ಅದರ ಕೆಳಗೆ ಒಳಗೆ, ಹಾಗೆ, ಮೇಲೆ. ಎದುರಿಗೆ ಒಳಗ, ಹಂಗ, ಮ್ಯಾಲ. ಮೊದಲ ಗುಂಪಿನಲ್ಲಿ ಕೊನೆಯ ಎಕಾರದ ಜಾಗದಲ್ಲಿ ಇಕಾರ ಇದೆ, ಎರಡನೆಯದರಲ್ಲಿ ಅಕಾರ ಇದೆ. ಇವಳು ಎಂದಾದರೂ 'ಮನ' ಎಂದಾಳೇ? 'ಒಳಗಿ' ಎಂದಾಳೇ? ಎಂದೂ ಇಲ್ಲ. ಹಾಗಾದರೆ ಇವಳ ತಲೆಯೊಳಗೆ ಒಂದು ಕಟ್ಟುನಿಟ್ಟು ಇದೆ. ಅದೇನು, ನಾಳೆ ಬರೆದುಕೊಂಡು ಬನ್ನಿ.

ಅವತ್ತು ರಾತ್ರಿ ಹಾಸ್ಟೆಲಿನ ಮಂಚದ ಮೇಲೆ ಕೂತು ನನ್ನದೇ ಬಾಯಿಯ ಮಾತುಗಳನ್ನು ಪಟ್ಟಿ ಮಾಡಿದೆ. ಎಲಿ, ತಲಿ, ಹೊಳಿ, ಬಾಳಿ ಒಂದು ಕಡೆ. ಕೆಳಗ, ಹೊರಗ, ಹಿಂಗ, ಮುಂದ ಇನ್ನೊಂದು ಕಡೆ. ವಸ್ತುಗಳ ಹೆಸರೆಲ್ಲ ಒಂದು ದಾರಿ, ಎಲ್ಲಿ, ಹೇಗೆ ಎನ್ನುವ ಮಾತೆಲ್ಲ ಇನ್ನೊಂದು ದಾರಿ. ಈ ಕಟ್ಟುನಿಟ್ಟನ್ನು ನನಗೆ ಶಾಲೆ ಕಲಿಸಿದ್ದಲ್ಲ. ಶಾಲೆ ಅಳಿಸಲು ನೋಡಿತ್ತು. ಕಲಿಸಿದವಳು ದೊಡ್ಡವ್ವ, ಅದೂ ತನಗೆ ಗೊತ್ತಿಲ್ಲದೆ. ನಾನು ಆ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಮಾರನೆಯ ದಿನದಿಂದ ಮೆಸ್ಸಿನಲ್ಲಿ 'ಹಂಗ' ಎನ್ನುವುದಕ್ಕೆ ನಾಚಿಕೆಯಾಗಲಿಲ್ಲ. ಮುಂದೆ ವಿಲಿಯಂ ಬ್ರೈಟ್ ಬರೆದ, ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿದ ಆಡುಗನ್ನಡದ ವ್ಯಾಕರಣವನ್ನು ಗ್ರಂಥಾಲಯದಲ್ಲಿ ಕಂಡಾಗ, ಆಡುಮಾತಿಗೇ ಒಂದು ವ್ಯಾಕರಣ ಬರೆಯಬಹುದು ಎಂಬುದಕ್ಕೆ ಸಾಕ್ಷಿ ಸಿಕ್ಕ ಹಾಗಾಯಿತು. ಕೇಶಿರಾಜನ ಕಾಲದಿಂದ ನಮ್ಮ ವೈಯಾಕರಣರು ಉದಾಹರಣೆಗೆ ಕವಿಗಳ ಬಳಿ ಹೋದವರು. ಇಲ್ಲಿ ಒಬ್ಬರು ಮಾತಾಡುವವರ ಬಳಿ ಹೋಗಿದ್ದರು.

ಮೊದಲ ಚುಕ್ಕಿ ಬೇರೆಯೇ ಇತ್ತು

ನಾನು ಚುಕ್ಕಿಯನ್ನು ಮೊದಲು ನೋಡಿದ್ದೂ ಮೈಸೂರಿನಲ್ಲೇ, ದ್ರಾವಿಡ ಭಾಷೆಗಳ ತುಲನಾತ್ಮಕ ಅಧ್ಯಯನದ ಕ್ಲಾಸಿನಲ್ಲಿ. ಆದರೆ ಅದರ ಅರ್ಥ ಬೇರೆ. ಕನ್ನಡದ ಕಿವಿ, ತುಳುವಿನ ಕೆಬಿ, ತೆಲುಗಿನ ಚೆವಿ, ತಮಿಳಿನ ಸೆವಿ ನಾಲ್ಕನ್ನೂ ಸಾಲಾಗಿ ಬರೆದು, ಇ ಮತ್ತು ಎ ಸ್ವರಗಳ ಮುಂದಿದ್ದ ಕಕಾರವನ್ನು ತಮಿಳು, ತೆಲುಗು ಬದಲಾಯಿಸಿಕೊಂಡವು, ಕನ್ನಡ, ತುಳು ಉಳಿಸಿಕೊಂಡವು ಎಂದು ತೋರಿಸಿ, ಮೇಲೆ 'ಕೆವಿ' ಎಂದು ಬರೆದು ಅದರ ಮುಂದೆ ಒಂದು ಚುಕ್ಕಿ ಇಟ್ಟಿದ್ದರು. ಈ ರೂಪವನ್ನು ಯಾವ ಶಾಸನದಲ್ಲೂ ಯಾರೂ ಓದಿಲ್ಲ, ಯಾರ ಬಾಯಿಂದಲೂ ಕೇಳಿಲ್ಲ, ಆದರೂ ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ ಹಾಗೆ ಊಹಿಸಿದ್ದು ಅಂದರು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಆಗಸ್ಟ್ ಶ್ಲೈಖರ್ ಬಳಕೆಗೆ ತಂದ ಕ್ರಮ ಇದು. ಹಳಗನ್ನಡದ ಪಾಲ್, ಪುಲಿ, ಪೂಗಳಿಗೆ ಈ ಚುಕ್ಕಿ ಬೇಕಿಲ್ಲ, ಅವು ಬರಹದಲ್ಲಿ ಸಿಕ್ಕಿವೆ. ಅವುಗಳ ಪಕಾರ ನಡುಗನ್ನಡಕ್ಕೆ ಬರುವಷ್ಟರಲ್ಲಿ ಹಕಾರವಾಗಿ ಹಾಲು, ಹುಲಿ, ಹೂ ಆದದ್ದು ಕಣ್ಣಿಗೇ ಕಾಣುತ್ತದೆ. ಚುಕ್ಕಿ ಬೇಕಾಗುವುದು ಅದಕ್ಕೂ ಹಿಂದೆ, ಕತ್ತಲೊಳಗೆ ಕೈ ಹಾಕಿ ತೆಗೆಯುವಾಗ.

ನನಗೆ ಆ ಚುಕ್ಕಿಯ ಮೇಲೆ ತುಂಬ ಪ್ರೀತಿ ಇತ್ತು. ಯಾರೂ ಕೇಳದ ಮಾತಿಗೆ ಅದು ಜಾಗ ಕೊಡುತ್ತಿತ್ತು. ಸೆಮಿನಾರಿನ ಚುಕ್ಕಿಯೂ ಅದೇ ಆಕಾರ, ಅದೇ ಎಡಗಡೆಯ ಜಾಗ. ಆದರೆ ಅದು ಒಬ್ಬಾಕೆ ದಿನಾ ಆಡುವ ಮಾತನ್ನು ಇಲ್ಲ ಎನ್ನುತ್ತಿತ್ತು.

ಇಷ್ಟು ಹೇಳಿದ ಮೇಲೆ ಸೆಮಿನಾರುಗಳನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ನನ್ನ ಭಾಷೆಯೊಳಗೆ ಎಷ್ಟು ಆಳ ಇದೆ ಎಂದು ತೋರಿಸಿದ್ದೂ ಅವೇ. ಮೈಸೂರಿನ ಕನ್ನಡ ಮಕ್ಕಳ ಮೇಲೆ ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿಗಳು ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವನ್ನು ಓದಿದ ವಾರ ನಾನು ಮೇಜಿನ ಸುತ್ತ ಎಲ್ಲರಿಗಿಂತ ನೆಟ್ಟಗೆ ಕೂತಿದ್ದೆ. ಕನ್ನಡದಲ್ಲಿ 'ಏರು' ಎಂಬುದಕ್ಕೆ 'ಇಸು' ಹಚ್ಚಿದರೆ 'ಏರಿಸು', ಅಂದರೆ ಇನ್ನೊಬ್ಬರಿಂದ ಆ ಕೆಲಸ ಆಗುವಂತೆ ಮಾಡುವುದು. ಇಷ್ಟು ಸ್ಪಷ್ಟವಾದ ಗುರುತು ಕಿವಿಗೆ ಬೀಳುತ್ತಿರುವಾಗ ಮೂರು ವರ್ಷದ ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದು ಯಾರಾದರೂ ಭಾವಿಸುತ್ತಾರೆ. ಮಕ್ಕಳ ಕೈಗೆ ಆಟಿಕೆಯ ಪ್ರಾಣಿಗಳನ್ನು ಕೊಟ್ಟು, ಹೇಳಿದ ವಾಕ್ಯವನ್ನು ಆಡಿ ತೋರಿಸಲು ಕೇಳಿದರೆ, ಅವು 'ಇಸು'ವಿನ ಕಡೆ ಗಮನ ಕೊಡಲಿಲ್ಲ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ನೋಡಿದವು. ಎರಡಿದ್ದರೆ ಒಂದು ಪ್ರಾಣಿ ಇನ್ನೊಂದಕ್ಕೆ ಏನೋ ಮಾಡಿಸಿತು, ಒಂದೇ ಇದ್ದರೆ ತಾನೇ ಮಾಡಿತು. ಮಗು ಭಾಷೆ ಕಲಿಯುವಾಗ ಕೇಳಿದ್ದನ್ನಷ್ಟೇ ನೆಚ್ಚುವುದಿಲ್ಲ, ಏನೋ ಒಂದನ್ನು ಹೊತ್ತುಕೊಂಡೇ ಬಂದಿರುತ್ತದೆ ಎಂದು ವಾದಿಸಲು ಕನ್ನಡವೇ ಬೇಕಾಯಿತು. ಇಂಗ್ಲಿಷಿನಲ್ಲಿ ಇಂಥ 'ಇಸು' ಇಲ್ಲದ್ದರಿಂದ ಅಲ್ಲಿ ಈ ಪರೀಕ್ಷೆಯೇ ನಡೆಯುವುದಿಲ್ಲ. ಇದನ್ನೆಲ್ಲ ಪಡೆದುಕೊಂಡವಳು ನಾನು, ಅದನ್ನು ಮರೆಯಲಾರೆ.

ಕುಪವಾಡ

ಚುಕ್ಕಿ ಹಾಕಿಸಿದ ಎರಡು ವಾರದ ಮೇಲೆ ಸಮಾಜಭಾಷಾವಿಜ್ಞಾನದ ಇನ್ನೊಂದು ಸೆಮಿನಾರಿಗೆ ಓದಿಕೊಂಡು ಬರಲು ಒಂದು ಜೆರಾಕ್ಸ್ ಕೊಟ್ಟರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಬರೆದದ್ದು, 1971ರದು. ಊರಿನ ಹೆಸರು ಕಂಡು ನಾನು ನಿಂತುಬಿಟ್ಟೆ: ಸಾಂಗಲಿ ಜಿಲ್ಲೆಯ ಕುಪವಾಡ. ಈಗ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯೊಳಗೆ ಸೇರಿಹೋಗಿರುವ ಊರು. ದೊಡ್ಡವ್ವನ ತವರು ಅದೇ ಮಿರಜ ಸೀಮೆ. ಲೇಖನದಲ್ಲಿ ಅದಿನ್ನೂ ಹಳ್ಳಿ. ಜೈನರ ಮತ್ತು ಲಿಂಗಾಯತರ ಮನೆಗಳಲ್ಲಿ ಕನ್ನಡ, ಮುಸಲ್ಮಾನರ ಮನೆಗಳಲ್ಲಿ ಉರ್ದು, ದಲಿತರ ಮನೆಗಳಲ್ಲಿ ಮರಾಠಿ, ಹಗ್ಗ ಹೊಸೆಯುವವರ ಮನೆಗಳಲ್ಲಿ ತೆಲುಗು. ಹೊರಗೆ ಸೇರಿದಾಗ ಎಲ್ಲರ ನಡುವೆ ಮರಾಠಿ. ಯಾವ ಮನೆಯೂ ತನ್ನ ಭಾಷೆ ಬಿಟ್ಟಿಲ್ಲ. ಆದರೆ ತಲೆತಲಾಂತರ ದಿನಕ್ಕೆ ಎಷ್ಟೋ ಸಲ ಒಂದರಿಂದ ಒಂದಕ್ಕೆ ದಾಟುತ್ತ, ಈ ಭಾಷೆಗಳ ಒಳಗಿನ ಹಂದರ ಬಹುಪಾಲು ಒಂದೇ ಆಗಿಬಿಟ್ಟಿದೆ. ಸೊಪ್ಪು ಕೊಯ್ದುಕೊಂಡು ಬಂದೆ ಎನ್ನುವ ಒಂದು ವಾಕ್ಯವನ್ನು ಉರ್ದು, ಮರಾಠಿ, ಕನ್ನಡದಲ್ಲಿ ಒಂದರ ಕೆಳಗೊಂದು ಬರೆದಿದ್ದರು. ತುಂಡಿಗೆ ತುಂಡು ಹೊಂದುತ್ತದೆ. 'ಜರಾ' ಅಂತೂ ಮೂರರಲ್ಲೂ ಹಾಗೇ ಇದೆ.

ಕೊಡು-ಕೊಳ್ಳುವುದು ಎರಡೂ ಕಡೆಯಿಂದ ನಡೆದಿತ್ತು. ಉರ್ದುವಿನಲ್ಲಿ ನದಿ ಹೆಣ್ಣು, 'ನದೀ ಆಯೀ' ಎನ್ನಬೇಕು. ಕುಪವಾಡದ ಉರ್ದುವಿನಲ್ಲಿ ಹೊಳಿ ಬಂತು ಎನ್ನಲು 'ನದೀ ಆಯಾ' ಎನ್ನುತ್ತಾರೆ, ಯಾಕೆಂದರೆ ಕನ್ನಡದವರಿಗೆ ಮನುಷ್ಯರಲ್ಲದ್ದೆಲ್ಲ ನಪುಂಸಕ. ನಮ್ಮದನ್ನು ಅವರು ತಗೊಂಡರು. ಪುಟ ತಿರುಗಿಸಿದರೆ ನಾವು ಅವರಿಂದ ತಗೊಂಡದ್ದು ಇತ್ತು. ಕುಪವಾಡದ ಕನ್ನಡದಲ್ಲಿ 'ಇದು ನಿಮ್ಮ ಮನಿ' ಎಂದು ನಿಲ್ಲಿಸುವುದಿಲ್ಲ, ಉರ್ದು ಮರಾಠಿಗಳ ಹಾಗೆ ಕೊನೆಗೆ 'ಐತಿ' ಹಚ್ಚುತ್ತಾರೆ.

ದೊಡ್ಡವ್ವನ ವಾಕ್ಯ ಅಚ್ಚಾಗಿತ್ತು, ಮುಂದೆ ಚುಕ್ಕಿ ಇಲ್ಲದೆ. ನನ್ನ ಮೈ ಬೆವತಿತು. 'ಯಾರೂ ಹೇಳುವುದಿಲ್ಲ' ಎಂದು ನಾನು ಯಾರ ಪರವಾಗಿ ಹೇಳಿದ್ದೆ? ಇಡೀ ಮೇಜು ನನ್ನ ಕಿವಿಯನ್ನು ನಂಬಿತ್ತು. ಆ ಕಿವಿಗೆ ಬಿದ್ದ ಮೊದಲ ಮಾತುಗಳನ್ನು ಬದಿಗೆ ಸರಿಸಿ, ಹೈಸ್ಕೂಲಿನ ಕೆಂಪು ಶಾಯಿಯೇ ನನ್ನ ಬಾಯಿಂದ ಉತ್ತರ ಕೊಟ್ಟಿತ್ತು. ಮೈಸೂರಿನಲ್ಲಿ ನಾಚಿಕೆ ಬಿಟ್ಟೆ ಎಂದುಕೊಂಡವಳು ಶಬ್ದಗಳ ನಾಚಿಕೆಯನ್ನಷ್ಟೇ ಬಿಟ್ಟಿದ್ದೆ. ಮನಿ, ಹಂಗ, ಖರೆ ಇವುಗಳಿಗೆ ಜಾಗ ಕೊಟ್ಟಿದ್ದೆ, ವಾಕ್ಯದ ಬೆನ್ನೆಲುಬು ಮಾತ್ರ ಪುಸ್ತಕದ್ದೇ ಎಂದು ಉಳಿಸಿಕೊಂಡಿದ್ದೆ. ಅದೂ ಎಂಥ ಪುಸ್ತಕ! ಇವತ್ತು ಪಠ್ಯಪುಸ್ತಕ, ಪತ್ರಿಕೆ, ಸರಕಾರಿ ಸುತ್ತೋಲೆ ಎಲ್ಲೆಲ್ಲೂ 'ಬೆಂಗಳೂರು ಕರ್ನಾಟಕದ ರಾಜಧಾನಿಯಾಗಿದೆ', 'ಇದು ಮುಖ್ಯ ವಿಷಯವಾಗಿದೆ' ಎಂದೇ ಇರುತ್ತದೆ. ಇಂಗ್ಲಿಷಿನ 'ಈಸ್'ಗೆ ಜಾಗ ಮಾಡಿಕೊಡಲು ನಾವು 'ಆಗಿದೆ'ಯನ್ನು ಕರೆದು ಕೂಡಿಸಿದ್ದೇವೆ. ಅದಕ್ಕೆ ಯಾವ ಮೇಷ್ಟ್ರೂ ಸುತ್ತು ಹಾಕುವುದಿಲ್ಲ. ನೆರೆಮನೆಯವರ ಜೊತೆ ಬಾಳಿ ಪಡೆದ 'ಐತಿ'ಗೆ ಮಾತ್ರ ಬಾಗಿಲು ಮುಚ್ಚಿದೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಮೊರದ ಸದ್ದು

ಆ ಸೆಮಿಸ್ಟರಿನ ಪ್ರಬಂಧಕ್ಕೆ ಈ 'ಐತಿ'ಯನ್ನೇ ಎತ್ತಿಕೊಂಡು, ರಜೆಗೆ ರೆಕಾರ್ಡರ್ ಹಿಡಿದು ಊರಿಗೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಎರಡು ಸಲ ಮೇಲೆ ಹಾರಿಸಿ, ಒಂದು ಸಲ ಪಕ್ಕಕ್ಕೆ ಅಲುಗಿಸಿ, ಮುಂದೆ ಬಂದ ಹರಳನ್ನು ಎಡಗೈಯ ಬೆರಳಿನಿಂದ ಆಚೆ ಚಿಮ್ಮುತ್ತಾಳೆ. ಕಣ್ಣು ಮೊರದ ಮೇಲೆ ಇರುವುದಿಲ್ಲ, ನನ್ನ ಮುಖದ ಮೇಲಿರುತ್ತದೆ. ರೆಕಾರ್ಡಿಂಗಿನಲ್ಲಿ ಅರ್ಧ ಆ ಮೊರದ ಸದ್ದೇ.

ಕ್ಲಾಸಿನಲ್ಲಿ ಕಲಿತಂತೆ ಕೇಳಿದೆ. "ದೊಡ್ಡವ್ವಾ, ನೀ 'ಇದ ನಮ್ಮ ಮನಿ' ಅಂತೀಯೋ, 'ಇದ ನಮ್ಮ ಮನಿ ಐತಿ' ಅಂತೀಯೋ?"

"ಯಾಕ, ಮನಿ ಕೇಳಾಕ ಯಾರರ ಬಂದಾರೇನ?"

"ಇಲ್ಲಬೇ. ಬರೇ ಮಾತ ಕೇಳಾಕತ್ತೀನಿ. ಯಾವುದು ಖರೆ?"

ಮೊರ ನಿಂತಿತು. "ಸಾಲಿ ಕಲ್ತಾಕಿ ನೀ. ನೀ ಹೆಂಗ ಅಂತಿ ಹಂಗ ಖರೆ. ನಮ್ಮದೇನ ಮಾತ ಯವ್ವಾ, ಅಡ್ಡಾದಿಡ್ಡಿ."

ಆ ಮಾತು ಕೇಳಿ ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ನಾನು ಮೇಜಿನ ಬಳಿ ಶಾಲೆಗೆ ಬಿಟ್ಟುಕೊಟ್ಟ ಅಧಿಕಾರವನ್ನು ಅವಳು ಪಡಸಾಲೆಯಲ್ಲಿ ಕೂತು ನನಗೆ ಬಿಟ್ಟುಕೊಡುತ್ತಿದ್ದಳು. ಯಾರ ಮಾತನ್ನು ಪ್ರಮಾಣ ಎಂದು ಹಿಡಿಯಲು ಅಷ್ಟು ದೂರದಿಂದ ಬಂದಿದ್ದೆನೋ ಅವಳೇ ಪ್ರಮಾಣಕ್ಕೆ ನನ್ನ ಮುಖ ನೋಡುತ್ತಿದ್ದಳು. ನಮ್ಮ ವಿದ್ಯೆಯಲ್ಲಿ ಮಾತೃಭಾಷಿಕರ ಒಪ್ಪಿಗೆಯ ಮೇಲೆ ಎಷ್ಟೊಂದು ಕಟ್ಟಡ ನಿಂತಿದೆ. ಆ ಒಪ್ಪಿಗೆ ಬಾಯಿಗೆ ಬರುವ ಮುಂಚೆ ಎಷ್ಟು ಹೆದರಿಕೆ, ಎಷ್ಟು ಮರ್ಯಾದೆಯ ಲೆಕ್ಕ ದಾಟಿ ಬರುತ್ತದೆ ಎಂಬುದನ್ನು ನಾನು ಓದಿದ್ದೆ. ಪಡಸಾಲೆಯಲ್ಲಿ ಕೂತು ನೋಡಿದ್ದು ಅವತ್ತೇ.

ರೆಕಾರ್ಡರನ್ನು ಬಂದ್ ಮಾಡುವುದನ್ನು ಮರೆತು ನೀರು ಕುಡಿಯಲು ಎದ್ದೆ. ಅಷ್ಟರಲ್ಲಿ ಓಣಿಯ ಹೆಣ್ಣುಮಗಳೊಬ್ಬಳು ಸಂಗಟಿಯ ಗಡಿಗೆ ಕೇಳಿಕೊಂಡು ಒಳಗೆ ಬಂದು, ಯಾರಿವಳು ಎನ್ನುವಂತೆ ನನ್ನ ಕಡೆ ನೋಡಿದಳು. ದೊಡ್ಡವ್ವನ ಮೊರ ಮತ್ತೆ ಶುರುವಾಗಿತ್ತು. ಆ ಸದ್ದಿನ ನಡುವೆ, ತಡೆಯಿಲ್ಲದೆ ಅಂದಳು: "ಇಕಿ ನಮ್ಮ ಹುಡುಗಿ ಅದಾಳ."

ರಾತ್ರಿ ಅದನ್ನು ಹಾಕಿ ಕೇಳಿದೆ. 'ನಮ್ಮ'ದ ಮೇಲೆ ಸ್ವಲ್ಪ ಒತ್ತು, 'ಅದಾಳ' ಮೊರದ ಇಳಿತದೊಂದಿಗೇ ಇಳಿಯುತ್ತದೆ. ಪ್ರಬಂಧಕ್ಕೆ ಬೇಕಾದ ಮೊದಲ ಉದಾಹರಣೆ ಸಿಕ್ಕಿತ್ತು. ಮೊದಲ ಸಾಲಿನಲ್ಲಿ ಅವಳ ಮಾತು, ಎರಡನೆಯದರಲ್ಲಿ ತುಂಡು ತುಂಡಾಗಿ, ಮೂರನೆಯದರಲ್ಲಿ ಒಂದೊಂದು ತುಂಡಿನ ವ್ಯಾಕರಣ, ನಾಲ್ಕನೆಯದರಲ್ಲಿ ಅರ್ಥ. 'ಅದಾಳ'ದ ಕೆಳಗೆ ಇರು, ವರ್ತಮಾನ, ಪ್ರಥಮ ಪುರುಷ, ಸ್ತ್ರೀಲಿಂಗ, ಏಕವಚನ ಎಂದು ಬರೆದೆ. ಅರ್ಥದ ಸಾಲನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೈ ತಡೆಯಿತು, ಯಾಕೆಂದರೆ ಆ 'ಇಕಿ' ನಾನೇ. ಕೆಲವರಿಗೆ ಒಪ್ಪಿತ, ಕೆಲವರಿಗೆ ಅಲ್ಲ ಎನ್ನುವ ವಾಕ್ಯಗಳ ಮುಂದೆ ಶೇಕಡಾ ಚಿಹ್ನೆ ಇಡುವ ರೂಢಿ ಇದೆ. ಮೊದಲು ಅದನ್ನು ಇಟ್ಟೆ. ಆಮೇಲೆ ಅದನ್ನೂ ತೆಗೆದೆ. ಸೆಮಿನಾರಿನ ಪ್ರೊಫೆಸರಿಗೆ ಪತ್ರ ಬರೆದು, ಅವತ್ತು ನಾನು ಕೊಟ್ಟ ಉತ್ತರ ತಪ್ಪು, ನನ್ನ ಮನೆಯವರೇ ಹಾಗೆ ಹೇಳುತ್ತಾರೆ ಎಂದು ತಿಳಿಸಿದೆ. ಅವರು ಮುಂದಿನ ಕ್ಲಾಸಿನಲ್ಲಿ ಎಲ್ಲರ ಮುಂದೆ ಅದನ್ನು ಓದಿ, ಇಡೀ ಎರಡು ತಾಸು ಅದರ ಮೇಲೆಯೇ ಚರ್ಚೆ ಮಾಡಿಸಿದರು.

ಪ್ರಬಂಧದ ಕೊನೆಗೆ ಮಾತಾಡಿದವರ ವಿವರ ಕೊಡಬೇಕು. ಹೆಸರಿನ ಬದಲು ಒಂದು ಅಕ್ಷರ, ಊರು, ಶಾಲೆ ಎಷ್ಟರವರೆಗೆ, ವಯಸ್ಸು. ವಯಸ್ಸು ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದೆ.

"ನನಗೇನ ಗೊತ್ತ ಯವ್ವಾ. ಎಪ್ಪತ್ತೆರಡರ ಬರ ಬಿದ್ದಾಗ ಲಗ್ನಾಗಿ ಈ ಮನಿಗೆ ಬಂದೆ. ಆಗ ಹದಿನಾರೋ ಹದಿನೇಳೋ. ಅಲ್ಲಿಂದ ನೀನ ಲೆಕ್ಕ ಹಾಕ್ಕೊ."

ಕುಪವಾಡದ ಲೇಖನ ಅಚ್ಚಾದ ವರ್ಷದಲ್ಲಿ ಅವಳಿನ್ನೂ ಮಿರಜ ಸೀಮೆಯ ತವರಿನಲ್ಲೇ ಇದ್ದಳು. ಲೆಕ್ಕ ಹಾಕಿ, ಆ ಅಂಕಿಯನ್ನು ಬರೆದೆ.